ಮೂಲದಿಂದ ದೂರ ಸರಿಯುವ ಹೊಣೆ

ಹೆಸರಾಂತ ಕಾದಂಬರಿಯೊಂದನ್ನು ಆಧರಿಸಿದ ಧಾರಾವಾಹಿ ಇನ್ನೂ ನಡೆಯುತ್ತಿರುವಾಗಲೇ ಅದರ ಬಗ್ಗೆ ಅಭಿಪ್ರಾಯ ರೂಪಿಸಿಕೊಳ್ಳುವ ಪ್ರೇಕ್ಷಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ: ಕಥೆ ಮೂಲದಿಂದ ಎಷ್ಟು ದೂರ ಹೋಯಿತು, ಮುಂದಿನ ವಾರ ಏನಾಗುತ್ತದೆ. ಮೊದಲನೆಯದು ಕಾದಂಬರಿಯನ್ನು ಓದಿದವರ ಪ್ರಶ್ನೆ, ಎರಡನೆಯದು ಓದದವರದು. ಎರಡೂ ಸಹಜವಾದವೇ, ಆದರೆ ಎರಡರಿಂದಲೂ ಆ ಧಾರಾವಾಹಿಯ ಯೋಗ್ಯತೆ ಗೊತ್ತಾಗುವುದಿಲ್ಲ. ಮೂಲದ ಹೆಸರು, ಕೆಲವು ಪಾತ್ರಗಳ ನೆರಳು, ಒಂದು ಮುಖ್ಯ ಸನ್ನಿವೇಶ ಇಷ್ಟನ್ನೇ ಇಟ್ಟುಕೊಂಡು ಕಾಲ, ದೇಶ, ಘಟನೆಗಳನ್ನೆಲ್ಲ ಹೊಸದಾಗಿ ಕಟ್ಟಿಕೊಳ್ಳುವ ಬಗೆಯನ್ನು ಸಡಿಲ ರೂಪಾಂತರ ಎನ್ನಬಹುದಾದರೆ, ಅಂಥ ರೂಪಾಂತರವನ್ನು ತೂಗಿನೋಡಲು ಬೇರೆಯೇ ಪ್ರಶ್ನೆ ಬೇಕು: ಮೂಲಕೃತಿ ಎತ್ತಿದ ಯಾವ ಪ್ರಶ್ನೆಯನ್ನು ಇದು ತನ್ನದಾಗಿಸಿಕೊಂಡಿದೆ, ಮತ್ತು ಮೂಲದಲ್ಲಿಲ್ಲದ ಯಾವ ಸಂಗತಿಗೆ ಹೊಸದಾಗಿ ಹೊಣೆಯಾಗಿದೆ?

ಈ ಪ್ರಶ್ನೆಯನ್ನು ಒರೆಹಚ್ಚಲು ತಕ್ಕ ಉದಾಹರಣೆ 2022ರ ಸೆಪ್ಟೆಂಬರ್ 3ರಿಂದ ಅಕ್ಟೋಬರ್ 9ರವರೆಗೆ ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ ಪ್ರತಿ ಶನಿವಾರ ಮತ್ತು ಭಾನುವಾರ ಪ್ರಸಾರವಾದ, ನೆಟ್‌ಫ್ಲಿಕ್ಸ್ ಮೂಲಕ ಭಾರತದ ಮನೆಗಳಿಗೂ ಬಂದ, ಹನ್ನೆರಡು ಕಂತುಗಳ 'ಲಿಟ್ಲ್ ವಿಮೆನ್'. ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ 1868 ಮತ್ತು 1869ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿಯಿಂದ ಚಿತ್ರಕಥೆಗಾರ್ತಿ ಜಂಗ್ ಸೊ-ಗ್ಯೊಂಗ್ ತೆಗೆದುಕೊಂಡದ್ದು ಬಹಳ ಕಡಿಮೆ: ಬಡತನದಲ್ಲಿ ಬೆಳೆದ ಸೋದರಿಯರು, ಮನೆಯಲ್ಲಿಲ್ಲದ ತಂದೆ, ಸಿರಿವಂತೆಯಾದ ಒಬ್ಬ ಅಜ್ಜಿ, ಬರವಣಿಗೆಯನ್ನು ನಂಬಿದ ಒಬ್ಬಳು, ಚಿತ್ರಕಲೆಯನ್ನು ನಂಬಿದ ಇನ್ನೊಬ್ಬಳು. ಕಾದಂಬರಿಯ ನಾಲ್ವರ ಬದಲು ಇಲ್ಲಿ ಮೂವರು: ಲೆಕ್ಕಪತ್ರದ ಗುಮಾಸ್ತೆಯಾದ ಇನ್-ಜು, ವರದಿಗಾರ್ತಿಯಾದ ಇನ್-ಗ್ಯೊಂಗ್, ಕಲಾಶಾಲೆಯ ವಿದ್ಯಾರ್ಥಿನಿ ಇನ್-ಹ್ಯೆ. ಉಳಿದದ್ದೆಲ್ಲ ಹೊಸದು. ಸತ್ತುಹೋದ ಸಹೋದ್ಯೋಗಿಯೊಬ್ಬಳು ಬಿಟ್ಟುಹೋದ ಹಣದ ಚೀಲ, ಒಂದು ಕಂಪನಿಯಿಂದ ಕಾಣೆಯಾದ 70 ಶತಕೋಟಿ ವೊನ್ ಕಪ್ಪುಹಣ, ಕೊಲೆಗಳ ಜಾಗದಲ್ಲೆಲ್ಲ ಕಾಣಿಸಿಕೊಳ್ಳುವ ನೀಲಿ ಆರ್ಕಿಡ್ ಹೂ, ಇವುಗಳಿಂದ ಕಟ್ಟಿದ ಪತ್ತೇದಾರಿ ಕಥೆ ಅದು.

ಮೊದಲ ಕಂತಿನ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡಿದರೆ ಈ ದೂರದ ಒಳಗೆ ಇರುವ ನಂಟು ಗೊತ್ತಾಗುತ್ತದೆ. ಕಿರಿಯವಳನ್ನು ಶಾಲೆಯ ಯುರೋಪ್ ಪ್ರವಾಸಕ್ಕೆ ಕಳಿಸಲು ಇಬ್ಬರು ಅಕ್ಕಂದಿರು ಕಷ್ಟಪಟ್ಟು ಹಣ ಹೊಂದಿಸುತ್ತಾರೆ. ಆ ಹಣವನ್ನು ಹೆತ್ತ ತಾಯಿಯೇ ಎತ್ತಿಕೊಂಡು, ಮಕ್ಕಳಿಗೆ ಕಿಮ್ಚಿ ಮಾಡಿಟ್ಟು, ಗಂಡನಿರುವ ಫಿಲಿಪೀನ್ಸಿಗೆ ಹೊರಟುಹೋಗುತ್ತಾಳೆ. ಆಲ್ಕಾಟರ ಕಾದಂಬರಿಯ ಆರಂಭದಲ್ಲಿ ಕ್ರಿಸ್‌ಮಸ್ ಬೆಳಗ್ಗೆ ತಾಯಿ ತನ್ನ ಹಸಿದ ಹೆಣ್ಣುಮಕ್ಕಳಿಗೆ, ಮುಂದಿರುವ ತಿಂಡಿಯನ್ನು ತಮಗಿಂತ ಬಡ ಕುಟುಂಬವೊಂದಕ್ಕೆ ಕೊಟ್ಟುಬರೋಣವೇ ಎಂದು ಕೇಳುತ್ತಾಳೆ. ಮಕ್ಕಳು ಒಪ್ಪುತ್ತಾರೆ, ಆ ಒಪ್ಪಿಗೆಯ ಮೇಲೆಯೇ ಇಡೀ ಕಾದಂಬರಿಯ ನೀತಿ ನಿಂತಿದೆ. ಕೊಡಲು ಕಲಿಸಿದ ತಾಯಿಯ ಜಾಗದಲ್ಲಿ ಕಸಿದುಕೊಂಡುಹೋಗುವ ತಾಯಿಯನ್ನು ತಂದು ನಿಲ್ಲಿಸುವುದು ಮೂಲವನ್ನು ತಲೆಕೆಳಗು ಮಾಡಿದಂತೆ ಕಾಣುತ್ತದೆ. ಆದರೆ ಎರಡೂ ಸನ್ನಿವೇಶಗಳು ಕೇಳುತ್ತಿರುವುದು ಒಂದನ್ನೇ: ಹಣವಿಲ್ಲದ ಮನೆಯ ಹೆಣ್ಣುಮಗಳಿಗೆ ಮರ್ಯಾದೆಯಿಂದ ಬದುಕಲು ಎಷ್ಟು ಹಣ ಬೇಕು, ಅದಕ್ಕಾಗಿ ಅವಳು ಏನನ್ನು ಬಿಟ್ಟುಕೊಡಬೇಕು? ಆಲ್ಕಾಟರ ಕಾಲದ ಉತ್ತರ ಸಂಯಮ. ಅಪಾರ್ಟ್‌ಮೆಂಟಿನ ಬೆಲೆಯಿಂದಲೇ ಮನುಷ್ಯರ ಅಂತಸ್ತನ್ನು ಅಳೆಯುವ ಇಂದಿನ ಸೋಲ್ ನಗರದಲ್ಲಿ ಆ ಉತ್ತರ ಸಾಲದು ಎಂಬುದು ಧಾರಾವಾಹಿಯ ವಾದ. ಮೂಲದ ಪ್ರಶ್ನೆಯನ್ನು ಉಳಿಸಿಕೊಂಡು ಅದರ ಉತ್ತರವನ್ನು ಒಪ್ಪದಿರುವುದು ಅಗೌರವವಲ್ಲ. ಉತ್ತರವನ್ನು ಭಕ್ತಿಯಿಂದ ಒಪ್ಪಿಸುತ್ತ ಪ್ರಶ್ನೆಯನ್ನೇ ಮರೆಯುವ ರೂಪಾಂತರಗಳಿಗಿಂತ ಇದು ಮೂಲವನ್ನು ಹೆಚ್ಚು ಗಂಭೀರವಾಗಿ ಓದಿದೆ.

ಪತ್ತೇದಾರಿ ಕಥೆಯ ಚೌಕಟ್ಟು ಕೂಡ ಮೇಲ್ನೋಟಕ್ಕೆ ಕಾಣುವಷ್ಟು ಹೊರಗಿನದಲ್ಲ. ಕಾದಂಬರಿಯಲ್ಲಿ ಜೋ ಎಂಬ ಎರಡನೆಯ ಸೋದರಿ ಮನೆಯ ಖರ್ಚಿಗಾಗಿ ಪತ್ರಿಕೆಗಳಿಗೆ ರೋಮಾಂಚಕ ಕಥೆಗಳನ್ನು ಬರೆಯುತ್ತಾಳೆ. ಅಂಥವು ಕೀಳು ಅಭಿರುಚಿಯವೆಂದು ಪ್ರೊಫೆಸರ್ ಭೇರ್ ಅವರ ಮಾತಿನಿಂದ ನಾಚಿ ತನ್ನ ಹಸ್ತಪ್ರತಿಗಳನ್ನು ಒಲೆಗೆ ಹಾಕುತ್ತಾಳೆ. ಆಲ್ಕಾಟ್ ಸ್ವತಃ ಎ.ಎಂ. ಬರ್ನಾರ್ಡ್ ಎಂಬ ಗುಪ್ತನಾಮದಲ್ಲಿ ಸೇಡು, ವಂಚನೆ, ಆಸ್ತಿಯ ಆಸೆ, ವೇಷ ಹಾಕಿದ ಹೆಂಗಸರು ತುಂಬಿದ ಕಥೆಗಳನ್ನು ಬರೆದು ಕುಟುಂಬವನ್ನು ಸಾಕಿದವರು, ಮತ್ತು ಆ ಗುಪ್ತನಾಮ ವಿದ್ವಾಂಸರಿಗೆ ಗೊತ್ತಾದದ್ದು 1940ರ ದಶಕದಲ್ಲಿ. ಹೀಗೆ ನೋಡಿದಾಗ ಕೊರಿಯಾದ ಧಾರಾವಾಹಿ ಜೋ ಸುಟ್ಟುಹಾಕಿದ ಪುಟಗಳನ್ನೇ ಬರೆಯುತ್ತಿದೆ. ಪ್ರಕಟವಾದ ಕಾದಂಬರಿಯಿಂದ ದೂರ ಸರಿದಷ್ಟೂ ಅದನ್ನು ಬರೆದ ಹೆಂಗಸಿನ ಬದುಕಿಗೆ ಹತ್ತಿರವಾಗಿದೆ. ಮೂಲನಿಷ್ಠೆ ಎಂಬುದು ಮುದ್ರಿತ ಪಠ್ಯಕ್ಕಷ್ಟೇ ಸಲ್ಲಬೇಕೋ, ಲೇಖಕಿ ಸಮಾಜಕ್ಕೆ ಅಂಜಿ ಬಿಟ್ಟುಬಿಟ್ಟದ್ದಕ್ಕೂ ಸಲ್ಲಬೇಕೋ ಎಂಬ ಚರ್ಚೆಗೆ ಇಷ್ಟು ಒಳ್ಳೆಯ ನಿದರ್ಶನ ಸಿಗುವುದು ಅಪರೂಪ.

ಆದರೆ ಸ್ವಾತಂತ್ರ್ಯದ ಜೊತೆಗೆ ಬರುವ ಹೊಣೆಯನ್ನು ಇದೇ ಧಾರಾವಾಹಿ ಎಡವಿದ ಜಾಗದಲ್ಲೂ ನೋಡಬೇಕು. ಕಾದಂಬರಿಯ ತಂದೆ ಮನೆಯಲ್ಲಿಲ್ಲದಿರುವುದು ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯದ ಪಾದ್ರಿಯಾಗಿ ಹೋಗಿರುವುದರಿಂದ. ಯುದ್ಧ ಅಲ್ಲಿ ದೂರದ ಸುದ್ದಿ, ಆದರೂ ಮನೆಯ ಪ್ರತಿ ಅಭಾವದ ಹಿಂದೆ ಅದಿದೆ. ಧಾರಾವಾಹಿಗೂ ಒಂದು ಯುದ್ಧ ಬೇಕಾಯಿತು, ಅದು ವಿಯೆಟ್ನಾಂ ಯುದ್ಧವನ್ನು ಆರಿಸಿಕೊಂಡಿತು. 1964ರಿಂದ 1973ರ ನಡುವೆ ಮೂರು ಲಕ್ಷಕ್ಕೂ ಹೆಚ್ಚು ಕೊರಿಯನ್ ಸೈನಿಕರು ಆ ಯುದ್ಧಕ್ಕೆ ಹೋಗಿದ್ದರು. ಅಲ್ಲಿಂದ ಬಂದ ಹಣ ಕೊರಿಯಾದ ಆರ್ಥಿಕ ಏಳಿಗೆಗೆ ಒದಗಿತು. ಕಥೆಯಲ್ಲಿ ಆ ಯುದ್ಧದ ಅಧಿಕಾರಿಗಳು ಕಟ್ಟಿಕೊಂಡ ಗುಪ್ತಕೂಟವೇ ಕಪ್ಪುಹಣದ ಬೇರು, ನೀಲಿ ಆರ್ಕಿಡ್ ಕೂಡ ಅಲ್ಲಿಂದಲೇ ತಂದದ್ದು. ಇಷ್ಟರಮಟ್ಟಿಗೆ ಇದು ಬಹಳ ಆಳವಾದ ಸೇರ್ಪಡೆ, ಏಕೆಂದರೆ ಕುಟುಂಬಗಳ ಸಿರಿತನದ ಹಿಂದೆ ಯಾರ ರಕ್ತವಿದೆ ಎಂದು ಕೇಳುವ ಧೈರ್ಯ ಮನರಂಜನೆಯ ಧಾರಾವಾಹಿಗಳಿಗೆ ಸುಲಭವಾಗಿ ಬರುವುದಿಲ್ಲ. ಆದರೆ ಕೊರಿಯನ್ ಸೈನಿಕರ ಶೌರ್ಯವನ್ನು ಕೊಂಡಾಡುವ ಪಾತ್ರಗಳ ಮಾತುಗಳಿಗೆ ಕಥೆಯೊಳಗೆ ಸಾಕಷ್ಟು ಸ್ಪಷ್ಟವಾದ ಪ್ರತ್ಯುತ್ತರ ಸಿಗಲಿಲ್ಲ. ವಿಯೆಟ್ನಾಮಿನ ಜನ ಕಥೆಯಲ್ಲಿ ಬದುಕಿರುವ ಮನುಷ್ಯರಾಗಿ ಕಾಣಿಸಿಕೊಳ್ಳಲೇ ಇಲ್ಲ. ಚರಿತ್ರೆಯನ್ನು ತಿರುಚಲಾಗಿದೆ ಎಂದು ವಿಯೆಟ್ನಾಂ ಸರಕಾರ ಆಕ್ಷೇಪಿಸಿದ್ದರಿಂದ 2022ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸ್ ಆ ದೇಶದಲ್ಲಿ ಧಾರಾವಾಹಿಯನ್ನು ತೆಗೆದುಹಾಕಿತು. ಸರಕಾರಗಳು ಕಲಾಕೃತಿಗಳನ್ನು ತೆಗೆಸುವುದನ್ನು ಒಪ್ಪದವರೂ ಆಕ್ಷೇಪದ ತಿರುಳನ್ನು ತಳ್ಳಿಹಾಕುವಂತಿಲ್ಲ. ಮೂಲಕೃತಿಯ ಯುದ್ಧವನ್ನು ಬಿಟ್ಟು ಬೇರೆ ಯುದ್ಧವನ್ನು ತಂದವರಿಗೆ, ತಪ್ಪು ಮೂಲದ್ದೆಂದು ಹೇಳಿ ಜಾರಿಕೊಳ್ಳುವ ದಾರಿ ಇರುವುದಿಲ್ಲ.

ಧಾರಾವಾಹಿ ನಡೆಯುತ್ತಿರುವಾಗಲೇ ತೀರ್ಪು ಕೊಡುವುದು ಸರಿಯೇ ಎಂಬ ಸಂದೇಹಕ್ಕೂ ಉತ್ತರ ಆಲ್ಕಾಟರ ಕಾಲದಲ್ಲೇ ಇದೆ. ಮೊದಲ ಭಾಗ ಓದಿದ ಹುಡುಗಿಯರು ಜೋ ಯಾರನ್ನು ಮದುವೆಯಾಗುತ್ತಾಳೆಂದು ಕೇಳಿ ಲೇಖಕಿಗೆ ಪತ್ರ ಬರೆದರು. ನೆರೆಮನೆಯ ಲಾರಿಗೆ ಅವಳನ್ನು ಕೊಡುವುದಿಲ್ಲವೆಂದು ಆಲ್ಕಾಟ್ ಪಟ್ಟು ಹಿಡಿದರೂ, ಅವಳನ್ನು ಅವಿವಾಹಿತೆಯಾಗಿ ಉಳಿಸುವ ತಮ್ಮ ಆಸೆಯನ್ನು ಕೈಬಿಟ್ಟು, ಪ್ರೊಫೆಸರನ ಜೊತೆ ಮದುವೆ ಮಾಡಿಸಿದರು. ಇಂದು ಪವಿತ್ರವೆಂದು ಕಾಣುವ ಮೂಲವೂ ಒಂದು ಕಾಲದಲ್ಲಿ ನಡೆಯುತ್ತಿದ್ದ ಧಾರಾವಾಹಿಯೇ. ಓದುಗರ ಒತ್ತಡಕ್ಕೆ ಅದೂ ಬಾಗಿದೆ. ಕೊರಿಯಾದ ಧಾರಾವಾಹಿಯ ಕೊನೆಯಲ್ಲಿ ಕದ್ದ ಹಣ ಸೋದರಿಯರ ನಡುವೆ ಹಂಚಿಹೋಗುವುದು ಇಂಥದೇ ಬಾಗುವಿಕೆ ಎಂದು ತೋರುತ್ತದೆ, ಏಕೆಂದರೆ ಹನ್ನೊಂದು ಕಂತುಗಳವರೆಗೆ ಹಣದ ಪ್ರತಿ ಕಟ್ಟಿಗೂ ಬೆಲೆ ಕೇಳಿದ ಕಥೆ, ಹನ್ನೆರಡನೆಯದರಲ್ಲಿ ಪ್ರೇಕ್ಷಕರ ಸಮಾಧಾನಕ್ಕಾಗಿ ಆ ಲೆಕ್ಕವನ್ನು ಮುಚ್ಚಿಬಿಡುತ್ತದೆ. ಆರನೆಯ ಕಂತಿನಲ್ಲಿ ನಿಂತು ನೋಡುತ್ತಿದ್ದವರಿಗೆ ಈ ಕೊನೆ ಗೊತ್ತಿರಲಿಲ್ಲ, ಆದರೆ ಪ್ರಶ್ನೆ ಎಷ್ಟು ದೊಡ್ಡದು ಎಂಬುದು ಗೊತ್ತಿತ್ತು. ಅರ್ಧಕ್ಕೆ ನಿಂತ ಕಥೆಯ ಬಗ್ಗೆ ಹೇಳಬಹುದಾದದ್ದು, ಹೇಳಬೇಕಾದದ್ದು ಇಷ್ಟೇ.

ಕನ್ನಡದ ಓದುಗರಿಗೆ ಈ ಚರ್ಚೆ ಹೊಸದಲ್ಲ. ಹಾಗೆ ನೋಡಿದರೆ ಕನ್ನಡ ಸಾಹಿತ್ಯದ ಮೊದಲ ಮಹಾಕೃತಿಗಳಲ್ಲೊಂದು ಸಡಿಲ ರೂಪಾಂತರವೇ. ಹತ್ತನೆಯ ಶತಮಾನದಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ'ವನ್ನು ಬರೆದದ್ದು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ, ಅಂದರೆ ಈಗಿನ ತೆಲಂಗಾಣದ ನೆಲದಲ್ಲಿ. ವ್ಯಾಸರ ಕಥೆಯಲ್ಲಿ ತನ್ನ ರಾಜನನ್ನು ಅರ್ಜುನನೊಡನೆ ಒಂದಾಗಿಸಿ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿ, ಕೊನೆಯಲ್ಲಿ ಪಟ್ಟವನ್ನು ಅರ್ಜುನ ಮತ್ತು ಸುಭದ್ರೆಗೆ ಕಟ್ಟಿದ ಪಂಪ ಕವಿಯ ಧೈರ್ಯವನ್ನೂ ಆಶ್ರಯದಾತನ ಭಾರವನ್ನೂ ಒಟ್ಟಿಗೆ ತೋರಿಸಿದ್ದಾನೆ. ಕರ್ಣನ ಕಡೆಗೆ ಅವನ ಮನಸ್ಸು ವಾಲುವಲ್ಲಿ ಕಾವ್ಯ ಮೇಲೇರುತ್ತದೆ, ಪಟ್ಟಾಭಿಷೇಕದಲ್ಲಿ ದ್ರೌಪದಿಯನ್ನು ಬದಿಗಿಡುವಲ್ಲಿ ಸೊರಗುತ್ತದೆ. ಇಂದಿನ ವಾಹಿನಿಗಳಿಗೆ ವಾರವಾರದ ಟಿಆರ್‌ಪಿ, ಅಂದರೆ ಎಷ್ಟು ಮನೆಗಳಲ್ಲಿ ಕಾರ್ಯಕ್ರಮ ನೋಡಿದರೆಂಬ ಅಂದಾಜಿನ ಅಂಕಿ, ಅರಿಕೇಸರಿಯ ಜಾಗದಲ್ಲಿ ಕುಳಿತಿದೆ.

ಆಧುನಿಕ ಕಾಲದಲ್ಲಿ ಈ ಜಗಳದ ಪ್ರಸಿದ್ಧ ಪ್ರಸಂಗ 1972ರ 'ನಾಗರಹಾವು' ಚಿತ್ರದ್ದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಆ ಚಿತ್ರವನ್ನು ಜನ ಎದೆಗಪ್ಪಿಕೊಂಡರು; ನಾಗರಹಾವನ್ನು ಕೇರೆಹಾವಾಗಿಸಿಬಿಟ್ಟರೆಂಬ ಲೇಖಕರ ಬೇಸರದ ಮಾತೂ ಚಿತ್ರದಷ್ಟೇ ಪ್ರಸಿದ್ಧವಾಯಿತು. ಲೇಖಕರ ನೋವು ನಿಜವಾದದ್ದು, ಆದರೆ ಅದರಿಂದ ಒಂದು ಅಂಜಿಕೆಯೂ ಹುಟ್ಟಿಕೊಂಡಿತು. ಕನ್ನಡದ ದೊಡ್ಡ ಕಾದಂಬರಿಗಳನ್ನು ಮುಟ್ಟುವವರು ಭಕ್ತಿಯಿಂದಲೇ ಮುಟ್ಟಬೇಕೆಂಬ ಅಲಿಖಿತ ನಿಯಮ ಬಲವಾಯಿತು. ಗಿರೀಶ ಕಾಸರವಳ್ಳಿ ಅವರ ಕೆಲಸದಲ್ಲಿ ಎರಡು ದಾರಿಗಳೂ ಕಾಣಸಿಗುತ್ತವೆ. ಎಸ್.ಎಲ್. ಭೈರಪ್ಪನವರ 'ಗೃಹಭಂಗ'ವನ್ನು ಕಿರುತೆರೆಗೆ ತಂದಾಗ ಅವರು ಕಾದಂಬರಿಯ ಊರು, ಕಾಲ, ಮನುಷ್ಯರನ್ನು ಉಳಿಸಿಕೊಂಡರು. ಮುತ್ತುಗದ ಎಲೆ ಹಚ್ಚಿ, ಗಂಡನಿಗೆ ಬಾರದ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮನೆ ನಡೆಸುವ ನಂಜಮ್ಮನಂಥ ಹೆಂಗಸನ್ನು ಅವಳ ಹಳ್ಳಿಯಿಂದ ಕಿತ್ತರೆ ಉಳಿಯುವುದು ಕಡಿಮೆ, ಆದ್ದರಿಂದ ಆ ನಿಷ್ಠೆಗೆ ಕಾರಣವಿತ್ತು. ಅದೇ ಲೇಖಕರ, 1968ರ 'ನಾಯಿ ನೆರಳು' ಕಾದಂಬರಿಯನ್ನು 2006ರಲ್ಲಿ ಚಿತ್ರವಾಗಿಸಿದಾಗ ಮಾತ್ರ ಕಾಸರವಳ್ಳಿ ಪುನರ್ಜನ್ಮದ ಪ್ರಶ್ನೆಯನ್ನು ಹಿಂದಕ್ಕೆ ಸರಿಸಿ, ವಿಧವೆಯಾದ ವೆಂಕಟಲಕ್ಷ್ಮಿಯ ಆಸೆ ಮತ್ತು ಆಯ್ಕೆಯನ್ನು ಮುಂದೆ ತಂದರು. ಎರಡನೆಯದೇ ಹೆಚ್ಚು ಕಾಡುವ ಕೃತಿ ಎಂದು ಹೇಳಲು ಅಂಜಬೇಕಾಗಿಲ್ಲ.

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗರಿಗೆ ಸಡಿಲ ರೂಪಾಂತರ ಇನ್ನೂ ಹತ್ತಿರದ ವಿಷಯ, ಅದರಲ್ಲೂ ಹೈದರಾಬಾದಿನ ಕಾಚಿಗೂಡದ ಕನ್ನಡಿಗರಿಗೆ. ನಿಜಾಮರ ಹೈದರಾಬಾದ್ ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳಿದ್ದವು. ಓದು, ನೌಕರಿ, ಕೋರ್ಟು, ವ್ಯಾಪಾರಗಳಿಗಾಗಿ ಅಲ್ಲಿನವರಿಗೆ ರಾಜಧಾನಿಯೆಂದರೆ ಹೈದರಾಬಾದೇ ಆಗಿತ್ತು. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ, ರಾಜಧಾನಿಯಲ್ಲಿ ಮನೆ ಮಾಡಿಕೊಂಡಿದ್ದವರು ಆಂಧ್ರಪ್ರದೇಶದಲ್ಲಿ ಉಳಿದರು. 2014ರಲ್ಲಿ ಮನೆ ಬದಲಿಸದೆಯೇ ತೆಲಂಗಾಣದವರಾದರು. ಕಾಚಿಗೂಡದಲ್ಲಿ ಕನ್ನಡ ಕಲಿಸುವ ನೃಪತುಂಗ ಶಾಲೆ, ಕನ್ನಡದ ಕಾರ್ಯಕ್ರಮಗಳು ನಡೆಯುವ ಕರ್ನಾಟಕ ಸಾಹಿತ್ಯ ಮಂದಿರ, 1916ರಲ್ಲಿ ಕಟ್ಟಿದ ನಿಲ್ದಾಣದಿಂದ ಬೆಂಗಳೂರಿಗೆ ಹೋಗುವ ರೈಲು, ಇವು ಈ ಸಮುದಾಯವನ್ನು ಕನ್ನಡಕ್ಕೆ ಕಟ್ಟಿಹಾಕಿರುವ ಎಳೆಗಳು. ಈಟಿವಿ ಸಮೂಹ 2000ದಲ್ಲಿ ಕನ್ನಡ ವಾಹಿನಿಯನ್ನು ಆರಂಭಿಸಿದ್ದೂ ಇದೇ ನಗರವನ್ನು ನೆಲೆಯಾಗಿಟ್ಟುಕೊಂಡು. ಆದರೂ ಬೆಂಗಳೂರು, ಮೈಸೂರು, ಮಲೆನಾಡುಗಳನ್ನು ತೋರಿಸಿದಷ್ಟು ಕನ್ನಡದ ಧಾರಾವಾಹಿಗಳು ಕಾಚಿಗೂಡದಂಥ ಬಡಾವಣೆಯನ್ನು ತೋರಿಸಿಲ್ಲ. ಮನೆಯೊಳಗೆ ಕನ್ನಡ, ಬಾಗಿಲಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ ಮಾತಾಡುವ ಕುಟುಂಬ ಪರದೆಯ ಮೇಲೆ ಕಾಣುವುದೇ ಇಲ್ಲ. ಇಂಥ ಮನೆಯ ಹೊಸ ತಲೆಮಾರು ಕೊರಿಯಾದ ಕಥೆಗಳನ್ನು ಹಿಂದಿ ಅಥವಾ ತೆಲುಗು ಡಬ್ಬಿಂಗಿನಲ್ಲಿ ನೋಡುತ್ತಿದ್ದರೆ ಅದಕ್ಕೆ ಫ್ಯಾಶನ್ ಒಂದೇ ಕಾರಣವೆನ್ನಲಾಗದು. ತಮ್ಮ ಭಾಷೆಯ ಪರದೆಯಲ್ಲಿ ತಮ್ಮ ನಗರವೇ ಇಲ್ಲದಿರುವುದೂ ಒಂದು ಕಾರಣ.

ಹೀಗಿರುವಾಗ ಕನ್ನಡದ ಹಳೆಯ ಕಾದಂಬರಿಯೊಂದನ್ನು ಈ ನೆಲಕ್ಕೆ ತಂದು ನೋಡುವುದು ಬರಿಯ ಕಲ್ಪನೆಯಾಗಿ ಉಳಿಯಬೇಕಿಲ್ಲ. ಭಾರತದ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಅವರ ವಾರಸುದಾರರಲ್ಲಿ ಉಳಿದು, ಆಮೇಲೆ ಕೃತಿ ಎಲ್ಲರದಾಗುತ್ತದೆ; 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳು 2024ರ ಆರಂಭದಿಂದ ಹೀಗೆ ಮುಕ್ತವಾಗಿವೆ. ಅವುಗಳಲ್ಲಿ ಪುಟ್ಟಣ್ಣ 1967ರಲ್ಲಿ ಚಿತ್ರವಾಗಿಸಿದ 'ಬೆಳ್ಳಿಮೋಡ' ಹಣದ ಪ್ರಶ್ನೆಯನ್ನು ಆಲ್ಕಾಟರಷ್ಟೇ ನೇರವಾಗಿ ಎದುರಿಸಿದ ಕೃತಿ. ಸಿರಿವಂತರ ಒಬ್ಬಳೇ ಮಗಳು ಇಂದಿರಾ, ಅವಳ ತಂದೆಯ ಹಣದಲ್ಲಿ ವಿದೇಶಕ್ಕೆ ಹೋಗಿ ಓದಿ ಬರುವ ಮೋಹನ. ಅಷ್ಟರಲ್ಲಿ ಇಂದಿರೆಗೊಬ್ಬ ತಮ್ಮ ಹುಟ್ಟುತ್ತಾನೆ, ಆಸ್ತಿ ಅವಳದಲ್ಲವೆಂದು ಗೊತ್ತಾದ ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವಳ ಆರೈಕೆಯಿಂದ ಚೇತರಿಸಿಕೊಂಡು ಮದುವೆಯಾಗಲು ಮುಂದೆ ಬಂದಾಗ ಅವಳೇ ಅವನನ್ನು ನಿರಾಕರಿಸುತ್ತಾಳೆ. ಇಡೀ ಕಥೆ ತಿರುಗುವುದು ಒಂದು ಗಂಡುಮಗುವಿನ ಹುಟ್ಟಿನ ಮೇಲೆ.

ಈ ಕಥೆಯನ್ನು ಕಾಚಿಗೂಡಕ್ಕೆ, ಈ ಕಾಲಕ್ಕೆ ತಂದ ಕೂಡಲೇ ಆ ತಿರುಗಣಿ ಮುರಿಯುತ್ತದೆ. ಆಗಿನ ಆಂಧ್ರಪ್ರದೇಶ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬರುವಂತೆ, ಆ ವೇಳೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಅದೇ ದಾರಿಗೆ ಬಂದವು. ತಮ್ಮ ಹುಟ್ಟಿದನೆಂದು ಇಂದಿರೆಯ ಪಾಲು ಇಲ್ಲವಾಗುವುದಿಲ್ಲ, ಕಡಿಮೆಯಾಗುತ್ತದೆ. ಆಗ ಮೋಹನ ಬಿಟ್ಟುಹೋಗುತ್ತಾನೋ, ಚೌಕಾಸಿಗೆ ಕೂರುತ್ತಾನೋ? ಪಾಲು ಬೇಡವೆಂದು ಸಬ್-ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವಂತೆ ಅಕ್ಕನನ್ನು ಒಪ್ಪಿಸುವವರು ಯಾರು, ತಾಯಿಯೇ? ಕಾನೂನು ಕೊಟ್ಟದ್ದನ್ನು ತವರಿನ ಪ್ರೀತಿ ಮೆಲ್ಲಗೆ ಹಿಂದಕ್ಕೆ ಕೇಳುವ ಆ ಕಚೇರಿಯ ಬೆಂಚು, ಮೂಲದಲ್ಲಿ ಎಲ್ಲೂ ಇಲ್ಲದ ಸನ್ನಿವೇಶ. ಆದರೆ ತ್ರಿವೇಣಿ ಇಂದು ಬರೆಯುತ್ತಿದ್ದರೆ ಅದನ್ನು ಬಿಡುತ್ತಿದ್ದರೆಂದು ನಂಬುವುದು ಕಷ್ಟ. ಇಲ್ಲಿ ಮೂಲಕ್ಕೆ ಅಕ್ಷರಶಃ ನಿಷ್ಠರಾಗಿ ಉಳಿದವರು ಕಾನೂನಿನ ಮಟ್ಟಿಗೂ ಸುಳ್ಳು ಹೇಳಬೇಕಾಗುತ್ತದೆ. ದೂರ ಸರಿದವರಿಗಷ್ಟೇ ಇಂದಿರೆಯ ನಿರಾಕರಣೆಯ ನಿಜವಾದ ತೂಕ ಸಿಗುತ್ತದೆ.

ಸಾಕಷ್ಟು ಗಟ್ಟಿಯಾದ ಆಕ್ಷೇಪವೊಂದು ಉಳಿದಿದೆ. ಕನ್ನಡದ ವಾಹಿನಿಗಳಲ್ಲಿ ಧಾರಾವಾಹಿ ಎಂದರೆ ವಾರಕ್ಕೆ ಐದಾರು ದಿನ, ನೂರಾರು ಕಂತು ನಡೆಯುವ ವ್ಯವಸ್ಥೆ; ಕೊನೆ ಗೊತ್ತಿಲ್ಲದೆ ಆರಂಭವಾಗುವ ಆ ಬಗೆಯಲ್ಲಿ ನಿರಾಕರಣೆಗೆ ಜಾಗವಿಲ್ಲ, ಏಕೆಂದರೆ ನಾಯಕಿ ಬೇಡವೆಂದ ಮರುದಿನವೂ ಕಥೆ ಮುಂದುವರಿಯಬೇಕು, ಆದ್ದರಿಂದ ಅವಳ ಮಾತನ್ನು ಯಾರಾದರೂ ಹಿಂತೆಗೆಸಲೇಬೇಕು. ಕೊರಿಯಾದ ಹನ್ನೆರಡು, ಹದಿನಾರು ಕಂತುಗಳ ಅಳತೆಯಲ್ಲಿ ಕೊನೆಯನ್ನು ಮೊದಲೇ ಬರೆದಿಟ್ಟುಕೊಳ್ಳಲು ಸಾಧ್ಯ, ಮಧ್ಯದ ಪ್ರತಿ ಸನ್ನಿವೇಶವನ್ನೂ ಅದಕ್ಕೆ ಹೊಂದಿಸಲು ಸಾಧ್ಯ. ಕನ್ನಡದ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳಿಗೂ ಇಂಥದೊಂದು ಅಳತೆಯಿತ್ತು, ಓದುಗರು ವಾರವಾರ ಕಾಯುತ್ತಿದ್ದರು, ಕಥೆ ಒಂದು ದಿನ ಮುಗಿಯುತ್ತಿತ್ತು. ಆ ಅಳತೆಯನ್ನು ಕಿರುತೆರೆಗೆ, ಕನಿಷ್ಠಪಕ್ಷ ಒಟಿಟಿ ಎಂದು ಕರೆಯುವ ಅಂತರಜಾಲದ ಪರದೆಗೆ, ತಂದುಕೊಳ್ಳುವುದು ಕನ್ನಡದ ನಿರ್ಮಾಪಕರ ಕೈಯಲ್ಲೇ ಇದೆ. ಇಂದಿರೆಗೆ ಹನ್ನೆರಡು ಕಂತು ಸಾಕು.